ಬಿಸಿ ಆರುವ ಮೊದಲು ಬಸಿ

ಬೂದಿಬಣ್ಣದ ಬೆಳಗು. ಹರ್ಮಟಾನ್ ಗಾಳಿ ಬೀಸಿ
ಬೊಬೊ ಊರಿನ ಮಾವಿನೆಲೆಗಳಿಗೆಲ್ಲ
ಕೆಂಪು ಹಚ್ಚಿ ಹೋಗಿದೆ.
ಬಾ ಕಾರಿಜಾ, ಗಾಡಿ ನೆರಳಿಗೆ ನಿಲ್ಲಿಸು.
ಎಂಜಿನ್ ಬಿಸಿ ಇದೆಯೆ? ಒಳ್ಳೆಯದು, ಆರಗೊಡಬೇಡ.
ಬಿಸಿ ಆರುವ ಮೊದಲು ಬಸಿಯಬೇಕು ಹಳೆಯೆಣ್ಣೆ;
ಆರಿತೋ, ಕೊಳೆಯೆಲ್ಲ ತಳ ಕಚ್ಚಿ ಕೂತು
ಹೊಸತು ಸುರಿದರೂ ಹಳತೇ ಆಳುತ್ತದೆ.
(ಮನೆಗಳಲ್ಲೂ ಹೀಗೇ. ಇರಲಿ, ಅದು ನನ್ನ ಕಸುಬಲ್ಲ.)

ತಗೋ, ಬೆರಳಿಗೆ ಹಚ್ಚಿ ನೋಡು.
ಕಪ್ಪಾಯಿತೆಂದು ಬೇಸರ ಬೇಡ,
ಕಪ್ಪಾಗುವುದೇ ಇದರ ಕೆಲಸ:
ಒಳಗಿನ ಮಸಿಯನ್ನೆಲ್ಲ ತನ್ನ ಮೈಗೆ ಬಳಿದುಕೊಂಡಿದೆ.
ಬೆಳ್ಳಗೆ ಮಿನುಗುವ ಪುಡಿ ಕಂಡರೆ ಮಾತ್ರ ಹೆದರು.
ಗಾಡಿ ತನ್ನನ್ನೇ ತಾನು ತಿನ್ನುತ್ತಿದೆ ಅಂತ ಲೆಕ್ಕ.

ನಿನ್ನ ಅಕ್ಕನ ಮಗ ಜಕಾರಿಯಾ ಬಂದಿದ್ದ ಮೊನ್ನೆ.
ಮುಂಜಾವದ ಚಳಿಯಲ್ಲಿ ಕಿಕ್ ಹೊಡೆದ, ಕೂತ,
ಕಿವಿ ಹರಿಯುವ ಹಾಗೆ ಹಿಡಿ ತಿರುಚಿದ.
ನಾನಂದೆ: ನಿದ್ದೆಯಿಂದೆದ್ದವನ ಕೈಗೆ
ಕಣ್ಣುಜ್ಜುವ ಮೊದಲೇ ಹಾರೆ ಕೊಡುತ್ತಾರೇನೋ?
ಎಣ್ಣೆ ಮೇಲೇರಲಿ, ಚಹಾದ ಮೊದಲ ಗುಟುಕಿನಷ್ಟು ಹೊತ್ತು.
ನಕ್ಕ. ನಗಲಿ.
ಅವನ ಪಿಸ್ಟನ್ ಒಂದು ದಿನ ನನ್ನ ಹತ್ತಿರವೇ ಬರುತ್ತದೆ,
ಡಬ್ಬಿಯಲ್ಲಿ.

ಈ ಊರಿನಲ್ಲಿ ಎಂಜಿನ್ ಸಾಯುವುದು ಬಾಯಿಂದಲ್ಲ,
ಮೂಗಿನಿಂದ.
ಬಾಟಲಿ ಪೆಟ್ರೋಲನ್ನು ಎಲ್ಲರೂ ಬೈಯುತ್ತಾರೆ,
ಗಾಳಿಯನ್ನು ಯಾರು ಸೋಸುತ್ತಾರೆ?
ಫಿಲ್ಟರಿನ ಈ ಸ್ಪಂಜು ನೋಡು, ಇಟ್ಟಿಗೆಯಾಗಿದೆ.
ಸೀಮೆಎಣ್ಣೆಯಲ್ಲಿ ಅದ್ದು, ಹಿಂಡು, ತಿರುವಬೇಡ,
ಸೋಪಿನ ನೀರು, ಮತ್ತೆ ಹಿಂಡು, ನೆರಳಲ್ಲಿ ಹರಡು;
ಒಣಗಿದ ಮೇಲೆ ಕೈಬೆರಳಿಗಂಟುವಷ್ಟೇ ಎಣ್ಣೆ.
ಹರ್ಮಟಾನ್ ಇರುವಷ್ಟು ದಿನ ವಾರಕ್ಕೊಮ್ಮೆ.
ಹೌದು, ವಾರಕ್ಕೊಮ್ಮೆ. ಮುಖ ಗಂಟಿಕ್ಕಬೇಡ.

ನನಗೆ ನೀನು ಕಲಿಸಿದ್ದೂ ಉಂಟು.
ಮೂರು ವರ್ಷದ ಕೆಳಗೆ ಈ ಗಾಡಿ ಒಳಗೊಳಗೇ
ಟಕಟಕ ಅನ್ನುತ್ತದೆ ಅಂತ ತಂದೆ.
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ,
ನಮ್ಮವರ ಹಳೆಯ ಉಪಾಯ. ಏನೂ ಕೇಳಲಿಲ್ಲ.
ಪಕ್ಕದ ಹಿಟ್ಟಿನ ಗಿರಣಿ ಇಪ್ಪತ್ತು ವರ್ಷದಿಂದ
ನನ್ನ ಕಿವಿಯನ್ನೂ ಬೀಸಿಬಿಟ್ಟಿದೆ, ಯಾರಿಗೂ ಹೇಳಿರಲಿಲ್ಲ.
ನೀನು ಮಾತಾಡಲಿಲ್ಲ. ಚೀಲ ಬಿಚ್ಚಿ
ಬಸುರಿಯರ ಹೊಟ್ಟೆಗೊತ್ತಿ ಕೂಸಿನ ಎದೆ ಕೇಳುವ
ಮರದ ಕೊಳವೆ ತೆಗೆದು, ಮಂಡಿಯೂರಿ,
ವಾಲ್ವಿನ ಮುಚ್ಚಳಕ್ಕೆ ಒತ್ತಿ ಕಣ್ಣು ಮುಚ್ಚಿದೆ.
‘ಎರಡಿವೆ ಸೀಬಿರಿ. ಒಂದು ಸರಿಯಾಗಿ ಬಡಿಯುತ್ತಿದೆ,
ಇನ್ನೊಂದು ತಡವರಿಸುತ್ತಿದೆ.’
ನನ್ನ ಹುಡುಗರು ಬಾಯಿ ಬಿಟ್ಟುಕೊಂಡು ನಿಂತಿದ್ದರು.
ರಾತ್ರಿಯೆಲ್ಲ ತಣ್ಣಗಾಗಲು ಬಿಟ್ಟೆ. ವಾಲ್ವಿನ ಸಂದು
ಅಳೆಯುವುದು ತಣ್ಣಗಿರುವಾಗಲೇ, ಎಣ್ಣೆಯ ಹಾಗಲ್ಲ.
ಕೂದಲೆಳೆಯಷ್ಟು ಸಡಿಲಾಗಿತ್ತು. ಎರಡನೆಯದೇ.

ಆ ಸಂಜೆ ನೀನು ಕೊಳವೆಯನ್ನು
ಮೂರು ಸಲ ತೊಳೆದದ್ದು ನೋಡಿದೆ.

ಈಗ ಕೇಳುತ್ತೀ, ಇನ್ನೆಷ್ಟು ವರ್ಷ ಬಾಳೀತು ಅಂತ.
ಮೀಟರು ತೊಂಬತ್ತೊಂದು ಸಾವಿರಕ್ಕೆ ನಿಂತು
ಎರಡು ಮಳೆಗಾಲವಾಯಿತು, ಅದರ ಮೇಲಿನದು
ಆ ದೇವರಿಗೂ ಬೆಲ್ಟಿಗೂ ಗೊತ್ತು.
ಕೈಗೆ ಕೂಸು ಕೊಡುವಾಗ ತಾಯಂದಿರಿಗೆ ನೀನು
ವರ್ಷ ಹೇಳುತ್ತೀಯಾ?
ಬೆಚ್ಚಗಿಡು, ಉಸಿರು ನೋಡು ಅನ್ನುತ್ತೀ ತಾನೆ.

ಎರಡೂವರೆ ಸಾವಿರ ಫ್ರಾಂಕ್. ಹಳೆಯೆಣ್ಣೆ ಇಲ್ಲೇ ಇರಲಿ,
ಬಡಗಿ ಕೇಳಿದ್ದಾನೆ, ಮರಕ್ಕೆ ಗೆದ್ದಲು ಹತ್ತದಂತೆ ಬಳಿಯಲು.
ಫೋನು ನಿನ್ನದಾ? ಯಾರಿಗೆ? ಎಷ್ಟು ಹೊತ್ತಾಯಿತಂತೆ
ನೋವು ಶುರುವಾಗಿ?
ಹಾಗಿದ್ದರೆ ನಡಿ, ನಡಿ. ಎಂಜಿನ್ ಇನ್ನೂ ಬಿಸಿಯಿದೆ,
ಕಾಯಬೇಕಿಲ್ಲ, ಹಿಡಿ ತಿರುಗಿಸು.

ಹೋದಳು. ಕೆಂಧೂಳು.
ಅಯ್ಯೋ, ಮೇಜಿನ ಮೇಲೆ ಕೊಳವೆ!
ಏಯ್ ಫೂಸೆನಿ, ಪಾನಾ ಬಿಸಾಡು, ಓಡೋ!