ಅಮೀನ

ಅರ್ಜಿಯ ಮೊದಲನೇ ಗೆರಿಯೊಳಗ ಹೆಸರು ಬರಕೊಂಡೆ:
ಹರ್ಕ ಬಹಾದ್ದೂರ ಥಾಮಿ.
ಹತ್ತು ವರ್ಷ ಓಣಿ ಅವನ್ನ ಗೂರ್ಖಾ ಅಂತಿತ್ತು.
ನಾನೂ ಅಂತಿದ್ದೆ.
ತಿಂಗಳಿಗೊಮ್ಮೆ ಐವತ್ತು ರೂಪಾಯಿ ಕೊಟ್ಟು
ಕದಾ ಮುಚ್ಚತಿದ್ದೆ.

‘ಊರಾಗ ಏನ್ ಮಾಡತಿದ್ದಿ?’
‘ಅಮೀನ್ ಇದ್ದೆ, ದೀದಿ.’
ಚೇರಮನ್ರು ಕನ್ನಡಕ ಮ್ಯಾಲೆ ಸರಿಸಿದ್ರು.
ನಮ್ಮಲ್ಲಿ ಅಮೀನ ಅಂದ್ರ ಕೋರ್ಟಿನಾವ,
ಜಪ್ತಿಗೆ ಬಂದು ಹಂಡೆ, ಕೊಡ ಹೊರಗಿಡಾವ.
ಪತ್ತಿನ ಸಂಘದಾಗ ಕುಂತು
ಆ ಹೆಸರು ಯಾರೂ ತಗೊಳ್ಳೂದಿಲ್ಲ.

ಅವರ ದೋಲಖಾದಾಗ ಅಮೀನ ಅಂದ್ರ ಭೂಮಿ ಅಳೆಯಾವ.
ಭೂಮಿ ನಡುಗಿದ ದಿನ ಕಚೇರಿ ಬಿತ್ತು,
ನಕಾಶೆ ಎಲ್ಲಾ ಅದರಡಿ.
‘ನಾ ಅಳದ ಗುಡ್ಡ ಜಾಗಾ ಬಿಟ್ಟು ಹೋಗಿತ್ತು ದೀದಿ,
ಏನಂತ ಸಹಿ ಮಾಡ್ಲಿ?’
ಹುಬ್ಬಳ್ಳಿಗೆ ಬಂದ.
ಇಲ್ಲಿ ಬೇಕಾಗಿದ್ದು ಅವನ ಕಣ್ಣಲ್ಲ, ಸೀಟಿ.

ರಾತ್ರಿ ಎರಡಕ್ಕ ಲಾಠಿ ಕುಟಗೋತ ಹೋಗಾವ
ಕಳ್ಳರನ್ನ ಹುಡಕತಾನ ಅಂತ ಮಲಗಿದ್ವಿ.
ಅವ ಹೆಜ್ಜಿ ಎಣಸತಿದ್ದ.
ಅನ್ವರಸಾಬರ ಗಿರಣಿಯಿಂದ ನಿಂಬೆವ್ವನ ಖಾನಾವಳಿಗೆ
ಎರಡು ನೂರಾ ಹದಿನಾಲ್ಕು.
ಗಟಾರ ಎರಡಿಂಚು ಉಲ್ಟಾ ಇಳದೈತಿ,
ಅದಕ್ಕ ಮಳಿನೀರು ನಾಲಾಕ್ಕ ಹೋಗದ
ನಿಂಬೆವ್ವನ ಒಲಿಗೆ ಬರ್ತೈತಿ ಅಂದ.
ಕಾರ್ಪೊರೇಶನ್ನಿನವರು ಮೂರು ಸಲ ಅಗದೂ ಸಿಗಲಾರದ್ದನ್ನ
ಒಂದು ಪಾರದರ್ಶಕ ಪೈಪಿನಾಗ ನೀರು ತುಂಬಿ,
ಎರಡೂ ತುದಿ ಎತ್ತಿ ಹಿಡದು ತೋರಿಸಿದ.

ಎಪ್ಪತ್ತು ಸಾವಿರ ಕೇಳಿದ.
ಬೆಳಗಾವಿ ಗುತ್ತಿಗೆದಾರನೊಬ್ಬ ಮಾರೋ ಹಳೇ ಲೆವೆಲ್ ಯಂತ್ರ,
ಮುಕ್ಕಾಲಿ ಸಹಿತ, ನಲವತ್ತೆರಡು.
ಹೊಸಾ ಯಂತ್ರ ಕಲಿಯಾಕ ಮೂರು ತಿಂಗಳ ಫೀ ಇಪ್ಪತ್ತು.
ಉಳದ ಎಂಟು
ಕಠ್ಮಂಡುಕ್ಕ ಹೋಗಿ ಸರ್ಟಿಫಿಕೇಟಿನ ನಕಲು ತರಾಕ.
ಬಡ್ಡಿ ನೂರಕ್ಕ ತಿಂಗಳಿಗೆ ಎಂಟಾಣೆ.
ಮೊದಲು ಕೇಳಿದ ಕಡೆ ಐದು ರೂಪಾಯಿ ಅಂದಿದ್ರಂತ.

‘ನಾಳೆ ಗಡಿ ದಾಟಿ ಓಡಿಹೋದ್ರ?’
ಡೈರೆಕ್ಟರೊಬ್ರು ಚಹಾದ ಬಸಿಯೊಳಗ ಕೇಳಿದ್ರು.
ನಿಂಬೆವ್ವ ಜಾಮೀನಿಗೆ ಬಂದಿದ್ಲು, ಸೆರಗಿನಾಗ ಕೈ ಒರಸಕೋತ.
‘ಹತ್ತು ವರ್ಷ ನಮ್ಮ ಕದಾ ಕಾಯ್ದಾನ್ರಿ.
ನಾವೆಲ್ಲ ನಿದ್ದಿಯೊಳಗ.
ಓಡಬೇಕಂದಾವ ಅವಾಗ ಓಡತಿದ್ದ,
ನಿಮ್ಮ ಮನಿ ಟ್ರೆಜರಿ ಹೊತಗೊಂಡು.’
ಬಸಿ ಕೆಳಗಿಳೀತು.
ಎರಡನೇ ಜಾಮೀನು ಅನ್ವರಸಾಬರದು.
ಹಿಟ್ಟಿನ ಬೆರಳು ಅರ್ಜಿ ಮ್ಯಾಲೆ ಮೂಡಿತು.
ನಾ ಅದನ್ನ ಝಾಡಸಲಿಲ್ಲ.

ಮೊದಲನೇ ಕಂತು ನಾಲ್ಕು ದಿನ ತಡಾ.
ಚೇರಮನ್ರಿಗೆ ಹೇಳಲಿಲ್ಲ.
ಲೆಜ್ಜರಿನ ಆ ಪುಟ ತಗದು ತಗದು ಮುಚ್ಚಿದೆ,
ನಿಂಬೆವ್ವ ಎದುರು ಬಂದ್ರ ಮಾರಿ ತಪ್ಪಿಸಿದೆ.
ಐದನೇ ದಿನ ಬಂದ.
ಬೂಟಿಗೆ ಅಣ್ಣಿಗೇರಿ ದಾರಿಯ ಎರಿಮಣ್ಣು,
ಕಣ್ಣಿನ ಸುತ್ತ ಬಿಸಲಿನ ಗೆರಿ.
ಹತ್ತು ವರ್ಷದಾಗ ನಾ ಅವನ್ನ
ಹಗಲಿನ್ಯಾಗ ಸರಿಯಾಗಿ ನೋಡೇ ಇರಲಿಲ್ಲ.
‘ದಂಡ ಎಷ್ಟು?’
‘ಹನ್ನೆರಡು ರೂಪಾಯಿ.’
ಚಿಲ್ಲರೆ ಎಣಿಸಿಟ್ಟ.
ಆಮ್ಯಾಲೆ ಬಾಗಲದ ಚೌಕಟ್ಟಿಗೆ ಒಂದು ಕಣ್ಣು ಮುಚ್ಚಿ ನೋಡಿ
‘ನಿಮ್ಮ ಸಂಘ ರಸ್ತಾಕ್ಕ ಒಂಬತ್ತಿಂಚು ಮುಂದ ಬಂದೈತಿ ದೀದಿ’ ಅಂದ.
ಬಾಯಿ ಮುಚ್ಚಗೊಂಡು ಸಹಿ ಮಾಡು ಅಂದೆ.

ಈಗ ಓಣ್ಯಾಗ ಸೀಟಿ ಇಲ್ಲ.
ಕಂಬಕ್ಕ ಕ್ಯಾಮೆರಾ ಬಂದೈತಿ, ಒಂದು ಕೆಂಪು ಚುಕ್ಕಿ.
ರಾತ್ರಿ ಎರಡಕ್ಕ
ಸಪ್ಪಳ ಇಲ್ಲದ್ದಕ್ಕ ಎಚ್ಚರಾಗತೈತಿ.
ದೀಪ ಹಚ್ಚದ ಎದ್ದು ನೀರಿನ ಕೊಡದ ತನಕ ನಡೀತೀನಿ:
ಒಂಬತ್ತು ಹೆಜ್ಜಿ.
ತಿರುಗಿ ಬರುವಾಗ
ಯಾಕೋ ಹತ್ತು.