ಅಕಾರಾದಿ

ಪುಸ್ತಕದ ಕೊನೆಯ ಹಾಳೆಗಳು ನನ್ನವು.
ಯಾರು ಮಾಡಿದ್ದೆಂದು ಅಲ್ಲಿ ಹಾಕುವುದಿಲ್ಲ, ಯಾರೂ ಕೇಳುವುದೂ ಇಲ್ಲ.
ಪುಟಕ್ಕಿಷ್ಟು ಎಂದು ಲಂಡನ್ನಿನಿಂದ ಚೆಕ್ಕು ಬರುತ್ತದೆ,
ಅದೂ ತಡವಾಗಿ.

ಈ ಸಲ ಬಂದದ್ದು ಹಳೆಯ ಸಿನಿಮಾ ಒಂದರ ಮೇಲಿನ ಪುಸ್ತಕ.
ತೊಂಬತ್ತೊಂದು ನಿಮಿಷದ ಚಿತ್ರಕ್ಕೆ ಮುನ್ನೂರ ಹತ್ತು ಪುಟ.
ಬರೆದವರು ಪ್ರೊಫೆಸರ್ ಕ್ರಿಸ್ಪಿನ್ ಲಾಸೆಲ್ಸ್,
ಒಂದೊಂದು ಶಾಟನ್ನೂ ಮೀನಿನ ಮುಳ್ಳು ಬಿಡಿಸಿದಂತೆ
ಬಿಡಿಸಿ ತಟ್ಟೆಯಂಚಿಗೆ ಇಟ್ಟಿದ್ದಾರೆ.

ಶೂ ಡಬ್ಬದಲ್ಲಿ ಚೀಟಿ ಜೋಡಿಸುತ್ತ ಕೂತೆ.
ಕಿಟಕಿಯಾಚೆ ಟೈನ್ ನದಿ, ಹೂಳೆತ್ತುವ ದೋಣಿ,
ಕಡಲಹಕ್ಕಿಗಳ ಜಗಳ.
ಮಂಜು: ೭, ೧೯, ೪೪. ನೋಡಿ: ಹೊಗೆ.
ಹೊಗೆ: ನೋಡಿ: ಮಂಜು.
(ನಮ್ಮ ಕಸುಬಿನ ಹಳೇ ತಮಾಷೆ. ಆಮೇಲೆ ತಿದ್ದಿದೆ.)
ಮೌನ ಎಷ್ಟು ಕಡೆ ಇತ್ತೆಂದರೆ
ಎಣಿಸಿ ಸೋತು 'ಅಲ್ಲಲ್ಲಿ' ಎಂದು ಬರೆದೆ.

ಪುಟ ನೂರಹನ್ನೆರಡು. ಒಂದು ಫೋಟೋ,
ಅಂಚೆಚೀಟಿಗಿಂತ ಕೊಂಚ ದೊಡ್ಡದು.
ನಾರ್ತ್ ಶೀಲ್ಡ್ಸಿನ ಮೀನುಕಟ್ಟೆ, ನಸುಕು.
ನಾಯಕ ಹಡಗು ಹತ್ತಲೋ ಬೇಡವೋ ಎಂದು ನಿಂತಿದ್ದಾನೆ.
ಅವನ ಬೆನ್ನ ಹಿಂದೆ, ಎಡದಿಂದ ಬಲಕ್ಕೆ,
ಚೌಕಳಿ ಕೋಟಿನ ಹೆಂಗಸೊಬ್ಬಳು ಹಾದುಹೋಗುತ್ತಾಳೆ.
ನಾಲ್ಕು ಸೆಕೆಂಡು.
ಪ್ರೊಫೆಸರು ಅವಳಿಗೆ ಆರು ಪುಟ ಕೊಟ್ಟಿದ್ದಾರೆ.

ಅವಳು ಮುಖವಿಲ್ಲದ ವಿಧಿ.
ಯುದ್ಧ ಗೆದ್ದ ದೇಶದ ವೈಧವ್ಯ.
ಕೈಯಲ್ಲಿರುವುದು ಚಿತಾಭಸ್ಮದ ಕರಂಡಕ ಇರಬಹುದು
('ಇರಬಹುದು' ಎಂದಿದ್ದಾರೆ, ಪಾಪ, ಸಂಕೋಚದವರು).
ಅವಳು ಒಮ್ಮೆಯೂ ತಿರುಗಿ ನೋಡದಿರುವುದು
ನಿರ್ದೇಶಕನ ಅತ್ಯಂತ ನಿಷ್ಕರುಣ ನಿರ್ಧಾರ.

ಅದು ಕೆಟಲು.
ತಳ ಸೋರುತ್ತಿತ್ತು. ಬೆಸುಗೆ ಹಾಕಿಸಲು ಹೊರಟಿದ್ದಳು ಅಮ್ಮ.
ಕೋಟು, ಕಲ್ಲಿದ್ದಲ ಗಾಡಿಯ ಕುದುರೆಗೆ ಹೊದಿಸುತ್ತಿದ್ದ ಕಂಬಳಿ;
ಕುದುರೆ ಹೋಯಿತು, ಕಂಬಳಿ ಉಳಿಯಿತು.
ವೈಧವ್ಯವೋ, ಅಪ್ಪ ಮನೆಯಲ್ಲಿ ಚಹಾ ಇಲ್ಲದೆ
ಸಿಡಿಮಿಡಿ ಅನ್ನುತ್ತ ಕೂತಿದ್ದ.
ತಿರುಗಿ ನೋಡಲಿಲ್ಲ, ನಿಜ.
ಹಗ್ಗದ ಸುರುಳಿಗಳ ಹಿಂದೆ ಯಾರೋ ದೀಪದವನು
ನನ್ನನ್ನು ತೊಡೆಯ ಮೇಲೆ ಬಿಗಿಹಿಡಿದಿದ್ದ, ನಾಲ್ಕು ವರ್ಷದವಳನ್ನು,
ಬಾಯಿಗೆ ಬಾರ್ಲಿ ಮಿಠಾಯಿ ತುರುಕಿ.
'ನೀನು ನೋಡಿದರೆ ಮಗು ಓಡಿಬರುತ್ತೆ,
ಓಡಿಬಂದರೆ ರೀಲು ದಂಡ' ಎಂದಿದ್ದರು ಅವಳಿಗೆ.

ಏಳು ಸಲ ನಡೆಸಿದರು.
ಏಳು ಸಲ ಅಮ್ಮ ನನ್ನನ್ನು ಬಿಟ್ಟು ಹೋದಳು.
ಮಿಠಾಯಿ ಕರಗಿದ್ದು ಎಷ್ಟನೆಯದಕ್ಕೋ ತಿಳಿಯದು.
ಆ ಭುಜ ನೋಡಿ: ವಿಧಿಯದಲ್ಲ,
ಹೊತ್ತು ಮೀರಿ ರೇಗಿದ ಹೆಂಗಸಿನದು.
ಹತ್ತು ಶಿಲ್ಲಿಂಗು ಕೊಟ್ಟರು, ಅದರಲ್ಲಿ ಹೊಸ ಕೆಟಲೇ ಬಂತು.
ಚಿತ್ರ ಊರಿಗೆ ಬಂದಾಗ ಎಲ್ಲರೂ ಹೋದೆವು;
ಅವಳು ಚೀಲದಲ್ಲಿ ಕನ್ನಡಕ ಹುಡುಕುವಷ್ಟರಲ್ಲಿ
ಅವಳು ಹಾದುಹೋಗಿದ್ದಳು.
ಇನ್ನೊಂದು ಟಿಕೆಟ್ಟಿಗೆ ಮನಸ್ಸು ಮಾಡಲಿಲ್ಲ.

ಪ್ರೊಫೆಸರಿಗೆ ಪತ್ರ ಬರೆದು, ಹರಿದೆ.
ಯಾಕೆಂದರೆ ಮೊನ್ನೆ ಚರ್ಚಿನ ಹಾಲಿನಲ್ಲಿ
ಫಿಲ್ಮ್ ಸೊಸೈಟಿಯವರು ಅದನ್ನು ಹಾಕಿದ್ದರು.
ಅವಳು ಬಂದಳು. ನನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದರು.
ನಾನೂ. ಕೆಟಲು ಎಂದು ಗೊತ್ತಿದ್ದೂ.

ಅಕಾರಾದಿಯವರು ತಿದ್ದುವಂತಿಲ್ಲ,
ಬೆರಳು ಮಾಡಿ ತೋರಿಸಬಹುದು ಅಷ್ಟೆ.
ಟೈನ್ ನದಿಯ ನೆರೆಯಲ್ಲೇ ಜಾಗವಿತ್ತು:
ಟ್ರಾಟರ್, ಐಸಬೆಲ್: ೧೧೨–೧೧೭.
ಕೆಟಲು: ನೋಡಿ: ಟ್ರಾಟರ್.

ಪ್ರಕಾಶನದಿಂದ ಹುಡುಗಿಯೊಬ್ಬಳ ಫೋನು.
'ಯಾರಿವರು? ಪುಸ್ತಕದಲ್ಲಿ ಎಲ್ಲೂ ಇಲ್ಲವಲ್ಲ?'
'ಇದ್ದಾರೆ. ಎಡದಿಂದ ಬಲಕ್ಕೆ.'
ಆ ಕಡೆ ಹಾಳೆ ಮಗುಚುವ ಸದ್ದು. ಬಹಳ ಹೊತ್ತು.
'ಸರಿ, ಅವರಿರಲಿ,' ಅಂದಳು. 'ಆದರೆ ಕೆಟಲು ಬೇಡ,
ಒಂದು ಸಾಲು ಹೆಚ್ಚಾಗಿ ಹೊಸ ಪುಟಕ್ಕೆ ಹೋಗುತ್ತೆ.'

ಕೆಟಲು ಇಲ್ಲೇ ಇದೆ, ಕಿಟಕಿಯ ಮೇಲೆ,
ಮಣ್ಣು ತುಂಬಿಕೊಂಡು, ಜೆರೇನಿಯಂ ಹೊತ್ತುಕೊಂಡು.
ಇನ್ನೂ ಸೋರುತ್ತದೆ.
ಗಿಡಕ್ಕೆ ಅದೇ ಒಳ್ಳೆಯದಂತೆ.