ಬರೀ ಅಂಟು

ತಾರ್ತುವಿನಲ್ಲಿ ಮೂರೂವರೆಗೇ ಕತ್ತಲು.
ದೀಪ ಹಚ್ಚಿ ಎಂಡೆಲ್ ಸೇಬಿನ ಮರದ ಹಲಗೆಗೆ
ಚಾಕುವಿನಿಂದ ಗೀರೆಳೆದ.
ಪೆನ್ಸಿಲ್ ಗೆರೆ ದಪ್ಪ, ಅಂದ; ಸುಳ್ಳು ಹೇಳುತ್ತೆ.

ಗರಗಸ ಅರ್ಧಕ್ಕೇ ನಿಲ್ಲಬೇಕು,
ಉಳಿದದ್ದೆಲ್ಲ ಉಳಿಗೆ.
ಬೆರಳು ಬೆರಳಿನ ಸಂದಿಯಿಂದ
ಎಳ್ಳಷ್ಟೆಳ್ಳಷ್ಟೇ ಕೆದಕಿ, ಊದಿ,
ಹೊರಪದರದ ಅಂಚಿಗೆ ಓರೆ ಕೊಟ್ಟು
ನಾಲ್ಕನೇ ಮೂಲೆಗೆ ಬರುವಷ್ಟರಲ್ಲಿ
ಎರಡು ವಾರ.

ಮೂರನೇ ಬೆರಳು ಸಡಿಲ. ನಾನು ಕೊರೆದದ್ದು.
ಬೈಯಲಿಲ್ಲ. ಸಿಬಿರೊಂದನ್ನು ಅಂಟಿಸಿ
ಕೊಡತಿಯಿಂದ ಮೆಲ್ಲಗೆ ತಟ್ಟಿದ.
ಬೆರಳುಗಳು ಒಳಗೊಳಗೇ ಹೆಣೆದುಕೊಂಡವು;
ಹೊರಗೆ, ಕೂದಲೆಳೆಯಷ್ಟು ಗೆರೆ.

ತೀರಿಹೋದ ಗಂಡನ ಕಿವಿಯಂತ್ರ ಇಡಲೆಂದು
ಹೇಳಿ ಮಾಡಿಸಿದ್ದಳು ಆಸ್ತಾ.
ತಿರುಗಿಸಿ ಮುರುಗಿಸಿ ನೋಡಿ,
"ಬರೀ ಅಂಟೇನಪ್ಪ?"
"ಹೂಂ," ಅಂದ ಎಂಡೆಲ್, "ಅಂಟೇ."
ದುಡ್ಡೂ ಅಂಟಿನಷ್ಟೇ ತೆಗೆದುಕೊಂಡ.

ನಾನು ಹೊಟ್ಟು ಗುಡಿಸುತ್ತಿದ್ದೆ,
ತಲೆ ಎತ್ತದೆ.